ಖಾಲಿ ಡಬರಿಯ ವಾಕಿಂಗ್

ಹೋದ ಗುರುವಾರ ಬೆಳಿಗ್ಗೆ ನಾವು ನಾಲ್ಕು ಜನ ಹೆಂಗಸರು ಸೇರಿ ನಮ್ಮ ಸವಣೂರಿನಲ್ಲಿ ಒಬ್ಬ ಹಿರಿಯರನ್ನು ಕೊಂದೆವು. ಮಧ್ಯಾಹ್ನದ ಹೊತ್ತಿಗೆ ಅವರು ನಮ್ಮೆದುರೇ ಕೂತು ಎರಡನೇ ಸಲ ದಾಲ್ಚಾ ಹಾಕಿಸಿಕೊಂಡರು.

ಗಾಬರಿಯಾಗಬೇಡಿ. ಪೊಲೀಸರು ಬಂದಿಲ್ಲ. ಬಂದಿದ್ದರೆ ಅವರಿಗೂ ಒಂದೊಂದು ತಾಟು ಸಿಗುತ್ತಿತ್ತು, ಅಷ್ಟು ಊಟ ಇತ್ತು.

ಇದೆಲ್ಲ ಶುರುವಾದದ್ದು ನನ್ನ ಖಾಲಾಳಿಂದ. (ಖಾಲಾ ಅಂದರೆ ಚಿಕ್ಕಮ್ಮ. ಈ ಅಂಕಣ ಓದುವವರಿಗೆ ಆಕೆ ಹೊಸಬಳಲ್ಲ. ಮನೆಗೆ ಪ್ರೆಷರ್ ಕುಕ್ಕರ್ ಬಂದ ದಿನ ಅದು ಸೀಟಿ ಹೊಡೆದ ಕೂಡಲೇ ಮಂಚದ ಕೆಳಗೆ ಹೋಗಿ ಕೂತವಳು ಅಂತ ಬರೆದಿದ್ದೆನಲ್ಲ, ಅವಳೇ. ಆ ಬರಹವನ್ನು ಯಾರಿಂದಲೋ ಓದಿಸಿಕೊಂಡು ಕೇಳಿ ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದಳು. ಈ ವಾರದ ಪತ್ರಿಕೆಯನ್ನು ಬಚ್ಚಿಡಬೇಕು.)

ಹೆಸರು ಬೀಬಿಜಾನ್. ಕೆಲಸ ಕೌದಿ ಹೊಲಿಯುವುದು. ಹಳೇ ಸೀರೆ, ಹರಿದ ಲುಂಗಿ, ಬಣ್ಣಗೆಟ್ಟ ಪರದೆ, ಏನು ಕೊಟ್ಟರೂ ಪದರ ಪದರವಾಗಿ ಹಾಸಿ ಬೆಚ್ಚಗಿನ ಹೊದಿಕೆ ಮಾಡಿಕೊಡುತ್ತಾಳೆ. ಮಧ್ಯಾಹ್ನವಾದರೆ ಅವಳ ಅಂಗಳದಲ್ಲಿ ಕೌದಿಯ ಒಂದೊಂದು ಮೂಲೆಗೆ ಒಬ್ಬೊಬ್ಬರು. ಒಂದು ಕಡೆ ಖಾಲಾ, ಒಂದು ಕಡೆ ಪಕ್ಕದ ಮನೆಯ ಹಸೀನಾ, ಇನ್ನೊಂದು ಕಡೆ ಎದುರು ಮನೆಯ ಮುಮ್ತಾಜ್ ಬೂಬು. ಶಾಲೆಗೆ ರಜೆ ಇದ್ದರೆ ನಾಲ್ಕನೇ ಮೂಲೆಗೆ ನಾನು. ನಮ್ಮ ಓಣಿಯ ಮಾತು ಅರ್ಧ ಉರ್ದು, ಅರ್ಧ ಕನ್ನಡ. ಜಗಳ ಮಾತ್ರ ಪೂರ್ತಿ ಕನ್ನಡದಲ್ಲಿ.

ಕೌದಿ ಹೊಲಿಯುವವರು ಏಳುವುದಿಲ್ಲ. ಚಹಾ ಕೂತಲ್ಲಿಗೇ ಬರುತ್ತದೆ, ನಮ್ಮೂರ ಕುರುಕಲು ಖಾರಾ ಕೂತಲ್ಲಿಗೇ ಬರುತ್ತದೆ, ಊರಿನ ಸುದ್ದಿಯಂತೂ ಓಡೋಡಿ ಬರುತ್ತದೆ. ಹೀಗೆ ವರ್ಷಗಟ್ಟಲೆ ಕೂತರೆ ಏನಾಗುತ್ತದೆ? ಕೌದಿ ದಪ್ಪಗಾಗುತ್ತದೆ, ಹೊಲಿಯುವವರೂ ದಪ್ಪಗಾಗುತ್ತಾರೆ.

ಹೋದ ತಿಂಗಳು ಖಾಲಾಗೆ ತಲೆ ತಿರುಗಿತು. ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಗಾಜಿನ ನಳಿಗೆಯಲ್ಲಿ ನೀಲಿ ಔಷಧಿ ಸುರಿದು, ಖಾಲಾ ನಾಚಿಕೊಂಡು ತಂದುಕೊಟ್ಟ ಬಾಟಲಿಯಿಂದ ಕೆಲವು ಹನಿ ಹಾಕಿ, ದೀಪದ ಮೇಲೆ ಹಿಡಿದರು. ನೀಲಿ ನೀಲಿಯಾಗೇ ಉಳಿದರೆ ಪಾಸು. ಹಸಿರಾದರೆ ಪರವಾಗಿಲ್ಲ. ಹಳದಿ ಆದರೆ ಕಷ್ಟ. ಇಟ್ಟಂಗಿಯ ಕೆಂಪು ಬಣ್ಣ ಬಂದರೆ ಫೇಲು.

ಖಾಲಾಳದ್ದು ಇಟ್ಟಂಗಿ.

"ಬಣ್ಣ ಭಾಳ ಛಲೋ ಐತಿ. ಕೌದಿ ಅಂಚಿಗೆ ಹೊಂದತೈತಿ" ಅಂದಳು ಖಾಲಾ.

ಡಾಕ್ಟರು ಮೈಸೂರು ಕಡೆಯವರು. ನಗಲಿಲ್ಲ. "ನೋಡಿ ಅಮ್ಮ, ಇದು ಸಕ್ಕರೆ ಕಾಯಿಲೆ. ಮಾತ್ರೆ ಕೊಡ್ತೀನಿ. ಸಿಹಿ ಬಿಡಿ, ಅನ್ನ ಕಮ್ಮಿ ಮಾಡಿ, ದಿನಾ ಬೆಳಿಗ್ಗೆ ವಾಕಿಂಗ್ ಮಾಡಿ. ಮುಂದಿನ ತಿಂಗಳೂ ಇದೇ ಬಣ್ಣ ಬಂದ್ರೆ ದಿನಾ ಇಂಜೆಕ್ಷನ್ ಶುರು ಮಾಡಬೇಕಾಗುತ್ತೆ" ಅಂದರು.

ಇಂಜೆಕ್ಷನ್ ಅಂದದ್ದೇ ತಡ, ಖಾಲಾ ನನ್ನ ಕೈ ಹಿಡಿದಳು. ದಿನವಿಡೀ ಸೂಜಿ ಹಿಡಿಯುವವಳು ನನ್ನನ್ನು ಬಾಗಿಲ ಕಡೆ ಎಳೆದಳು.

ಯಾಕೆ ಅಂತ ನನಗೆ ಗೊತ್ತು. ನನ್ನ ಅವ್ವನಿಗೂ ಇದೇ ಕಾಯಿಲೆ ಇತ್ತು. ತಡವಾಗಿ ಗೊತ್ತಾಯಿತು, ಕಾಲಿನ ಹುಣ್ಣು ಮಾಯಲಿಲ್ಲ. ಕೊನೆಯ ದಿನಗಳಲ್ಲಿ ಸೂಜಿ ಚುಚ್ಚುವಾಗಲೆಲ್ಲ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದವಳು ಖಾಲಾ. ಆಮೇಲೆ ನನ್ನನ್ನು ಸಾಕಿ, ಓದಿಸಿ, ಟೀಚರ್ ಮಾಡಿದವಳೂ ಅವಳೇ. ಸೂಜಿ ಬಂತು ಅಂದರೆ ಅದರ ಹಿಂದೆಯೇ ಸಾವು ಬಂತು ಅಂತ ಅವಳ ತಲೆಯಲ್ಲಿ ಕೂತುಬಿಟ್ಟಿದೆ. ಔಷಧಿಗೆ ಹಂಗೆ ಹೆದರಬಾರದು ಅಂತ ನಾನು ಬುದ್ಧಿ ಹೇಳಿದೆ. ಹೇಳುವಾಗ ನನಗೂ ಹೆದರಿಕೆಯಾಗಿತ್ತು. ಇನ್ನೊಬ್ಬ ಅವ್ವನನ್ನು ಕಳೆದುಕೊಳ್ಳುವ ಧೈರ್ಯ ನನಗಿಲ್ಲ.

ಸರಿ, ವಾಕಿಂಗ್!

"ವಾಕಿಂಗ್ ಅಂದ್ರ ಎಲ್ಲಿಗೆ ಹೋಗೂದು?" ಅಂದಳು ಖಾಲಾ.

"ಎಲ್ಲಿಗೂ ಇಲ್ಲ. ಸುಮ್ಮನ ಹೋಗೂದು, ಸುಮ್ಮನ ಬರೂದು."

"ಸುಮ್ಮನ? ಕೆಲಸ ಇಲ್ಲದ ರಸ್ತೇದಾಗ ತಿರಗಾಕ ನಾ ಏನ್ ಪುಢಾರಿ ಅದೇನೇನು?"

ನೀವು ನಗಬಹುದು. ಆದರೆ ಯೋಚಿಸಿ ನೋಡಿ. ನಮ್ಮ ಓಣಿಯ ಹೆಣ್ಣುಮಕ್ಕಳು ಹೊಸ್ತಿಲು ದಾಟಬೇಕಾದರೆ ಒಂದು ಕಾರಣ ಬೇಕು. ಮದುವೆ, ಬಾಣಂತನ, ಹುಲಗೂರಿನ ದರ್ಗಾ, ದವಾಖಾನೆ, ಇಲ್ಲವೇ ಯಾರದ್ದಾದರೂ ಸಾವು. ಗಂಡಸು ಕಟ್ಟೆಯ ಮೇಲೆ ಇಡೀ ದಿನ ಕೂತರೂ "ಯಾಕೆ ಕೂತೆ?" ಅಂತ ಯಾರೂ ಕೇಳುವುದಿಲ್ಲ. ನಾವು ರಸ್ತೆಯಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಸಾಕು, "ಎಲ್ಲಿಗ್ ಹೊಂಟ್ರೀ?" (ಇದು ನಮ್ಮಲ್ಲಷ್ಟೇ ಅಂದುಕೊಳ್ಳಬೇಡಿ. ನಮ್ಮ ಶಾಲೆಯ ಗಂಗಕ್ಕ ಟೀಚರ್ ಕೂಡ ವಾಕಿಂಗಿಗೆ ಬೇಕು ಅಂತಲೇ ದಿನಾ ಗುಡಿಗೆ ಹೋಗುತ್ತಾರೆ. ದೇವರಿಗೂ ಗೊತ್ತಿದೆ.)

ಒಬ್ಬಳೇ ಆದರೆ ಖಾಲಾ ಹೋಗುವವಳಲ್ಲ. ಹಾಗಾಗಿ ಕೌದಿಯ ನಾಲ್ಕು ಮೂಲೆಗಳೂ ಎದ್ದು ನಿಂತವು. ಹಸೀನಾಗೆ ಸೊಂಟ ನೋವು, ಬೂಬುಗೆ ಮಂಡಿ ನೋವು, ನನಗೆ ಬುರ್ಖಾದ ಗುಂಡಿ ಹತ್ತುತ್ತಿರಲಿಲ್ಲ. ಎಲ್ಲರಿಗೂ ವಾಕಿಂಗ್ ಬೇಕಾಗಿಯೇ ಇತ್ತು.

"ಎಲ್ಲಿಗೆ" ಅನ್ನುವ ಪ್ರಶ್ನೆಗೆ ಐಡಿಯಾ ಕೊಟ್ಟವಳು ಹಸೀನಾ. "ಕೈಯಾಗ ಒಂದೊಂದು ಡಬರಿ ಹಿಡಕೊಳ್ಳೂಣು, ಮ್ಯಾಲ ಅರಿವಿ ಮುಚ್ಚೂಣು. ಏನೋ ಕೊಡಾಕ ಹೊಂಟಾರ ಅಂತ ತಿಳಕೋತಾರ. ಯಾರೂ ಬಾಯಿ ಬಿಡೂದಿಲ್ಲ ನೋಡ್ರಿ."

ಎಂಥಾ ತಲೆ! ಮರುದಿನ ಬೆಳಗಿನ ನಮಾಜು ಮುಗಿಸಿ, ನಾಲ್ಕು ಕರಿ ಬುರ್ಖಾ, ನಾಲ್ಕು ಖಾಲಿ ಡಬರಿ, ಮೇಲೆ ಬಿಳಿ ಬಟ್ಟೆ, ಹೊರಟೆವು. ಯಾರೂ ಕೇಳಲಿಲ್ಲ. ಕೇಳುವುದಿರಲಿ, ಗಂಡಸರು ಬಗ್ಗಿಸಿದ ತಲೆ ಎತ್ತದೆ ದಾರಿ ಬಿಟ್ಟರು. ಒಬ್ಬರು ಬೀಡಿ ಆರಿಸಿದರು. ನಮಗೆ ಇಷ್ಟು ಮರ್ಯಾದೆ ಯಾವತ್ತೂ ಸಿಕ್ಕಿರಲಿಲ್ಲ. ಯಾಕೆ ಅಂತ ಆಗಲೇ ಯೋಚನೆ ಮಾಡಬೇಕಿತ್ತು. ಮಾಡಲಿಲ್ಲ.

ಊಟದ್ದೂ ನಮ್ಮ ಈ ನಾಲ್ವರ ಸಂಘವೇ ನೋಡಿಕೊಂಡಿತು. ಎರಡು ಹೊತ್ತು ಜೋಳದ ರೊಟ್ಟಿ, ಪುಂಡಿಪಲ್ಲೆ, ಮೊಳಕೆ ಬಂದ ಮಡಿಕೆ ಕಾಳು. ಚಹಾಕ್ಕೆ ಸಕ್ಕರೆ ಇಲ್ಲ. ಖಾರಾದ ಡಬ್ಬಿ ಬೂಬುವಿನ ಮನೆಯ ಅಟ್ಟಕ್ಕೆ. (ಅಟ್ಟ ಹತ್ತಲು ಬೂಬುಗೆ ಆಗುವುದಿಲ್ಲ. ಸೇಫ್.) ಒಬ್ಬರ ಅಡುಗೆಮನೆಗೆ ಇನ್ನೊಬ್ಬರು ಹೇಳದೆ ಕೇಳದೆ ನುಗ್ಗಿ ನೋಡಬಹುದು ಅಂತ ಕಾನೂನಾಯಿತು. ಹಸೀನಾ ಮೂಗು ಮುಂದೆ ಮಾಡಿಕೊಂಡು ಖಾಲಾಳ ಮನೆ ಹೊಕ್ಕು ಅಕ್ಕಿ ಡಬ್ಬಿಯ ತಳದಿಂದ ಬೆಲ್ಲ ತೆಗೆದಳು. ಮರುದಿನ ಕೌದಿಯ ಪದರದ ನಡುವಿನಿಂದ ತೆಗೆದಳು. ಅದು ಯಾರದ್ದೋ ಮಗಳ ಬಾಣಂತನಕ್ಕೆ ಹೊಲಿಯುತ್ತಿದ್ದ ಕೌದಿ. ಇರುವೆ ಸಮೇತ ಕೊಡುವವರಿದ್ದೆವು.

ಬೆಲ್ಲ ಹೋದ ಮೇಲೆ ಖಾಲಾ ಇನ್ನೊಂದು ದಾರಿ ಹುಡುಕಿದಳು. ಓಣಿಯಲ್ಲಿ ಯಾರು ಚಹಾ ಮಾಡಿದರೂ ಹೋಗಿ, "ಸಕ್ರಿ ಬರೋಬರ್ ಆಗೈತೇನು ನೋಡ್ತೇನಿ, ತಾ" ಅನ್ನುವುದು. ಓಣಿಗೆ ಓಣಿಯೇ ಬರೋಬರ್ ಮಾಡಿ ಬರುತ್ತಿದ್ದಳು. ಅದನ್ನೂ ಬಂದ್ ಮಾಡಿಸಿದೆವು. ಒಂದು ಸಂಜೆ ಅಳುವ ಮುಖ ಮಾಡಿಕೊಂಡು, "ನನ್ನ ಜೀವಾ ಉಳಸಾಕ ಹೋಗಿ ನನ್ನ ಜೀವಾನ ತಗೀತೀರಿ" ಅಂದಳು. ಹಸೀನಾ ಅವಳ ಕೈಗೆ ಸೌತೆಕಾಯಿ ಕೊಟ್ಟಳು.

ನಮ್ಮ ದಾರಿ ದೊಡ್ಡ ಹುಣಸೆಮರಗಳ ತನಕ. ಆದರೆ ಖಾಲಾಗೆ ನಡುವೆ ಒಂದು ಸಲ ಕೂರಲೇಬೇಕು. ಕೂರಲು ಸಿಕ್ಕ ಜಾಗ ಬುಡನಸಾಬ್ ಚಾಚಾ ಅವರ ಮನೆಯ ಕಟ್ಟೆ. ಚಾಚಾ ಬಸ್ ಸ್ಟ್ಯಾಂಡಿನಲ್ಲಿ ಬುಟ್ಟಿ ಇಟ್ಟುಕೊಂಡು ವೀಳ್ಯದೆಲೆ ಮಾರುತ್ತಿದ್ದವರು, ಈಗ ಮನೆಯಲ್ಲೇ ಇರುತ್ತಾರೆ. ಊಟ ಅಂದರೆ ಪ್ರಾಣ. ನಾವು ಹೋಗುವ ಹೊತ್ತಿಗೆ ಅವರ ಬಾಗಿಲು ಮುಚ್ಚಿರುತ್ತದೆ. ಕೂರುವುದು, ದಣಿವಾರಿಸಿಕೊಳ್ಳುವುದು, ಏಳುವುದು.

ಹೋದ ವಾರ ಚಾಚಾಗೆ ಜ್ವರ. ಮಗ ಮತ್ತು ಸೊಸೆ ಮದುವೆಗೆಂದು ಹಿರೇಕೆರೂರಿಗೆ ಹೋಗಿದ್ದರು. ಗುರುವಾರ ಬೆಳಿಗ್ಗೆ ನಾವು ಎಂದಿನಂತೆ ಹೋಗಿ ಕೂತೆವು. ಸೆಖೆ ಇತ್ತು. ಖಾಲಾ ಮಂಡಿ ಹಿಡಿದುಕೊಂಡು "ಯಾ ಅಲ್ಲಾ!" ಅಂತ ಉದ್ದಕ್ಕೆ ನರಳಿದಳು. ಬೂಬು ಬುರ್ಖಾದ ಅಂಚಿನಿಂದ ಮುಖದ ಬೆವರು ಒರೆಸಿಕೊಂಡಳು. ಹಾಲು ಹಾಕುವ ಯಲ್ಲಪ್ಪ ಸೈಕಲ್ಲಿನಿಂದ ಇಳಿದು, ನಮ್ಮನ್ನು ನೋಡಿ, ಟೋಪಿ ತೆಗೆದು, ಮತ್ತೆ ಸೈಕಲ್ ಹತ್ತಿ ಬಸ್ ಸ್ಟ್ಯಾಂಡಿನ ಕಡೆ ಜೋರಾಗಿ ತುಳಿದ. ಪಾಪ, ಎಷ್ಟು ಒಳ್ಳೆಯ ಹುಡುಗ ಅಂದುಕೊಂಡೆವು.

ನಾನು ಶಾಲೆಗೆ ಹೋದೆ. ಮೊದಲ ಪೀರಿಯಡ್ ಮುಗಿಯುವಷ್ಟರಲ್ಲಿ ಹೆಡ್ ಮಾಸ್ತರು ಬಾಗಿಲಲ್ಲಿ ನಿಂತಿದ್ದರು. "ಟೀಚರ್, ಬುಡನಸಾಬ್ರು ಹೋಗಿಬಿಟ್ರಂತಲ್ರಿ. ನೀವು ಮನೀಗ್ ಹೋಗ್ರಿ, ನಾ ನೋಡಿಕೋತೇನಿ."

ಈಗಷ್ಟೇ ಅವರ ಕಟ್ಟೆಯ ಮೇಲೆ ಕೂತು ಬಂದಿದ್ದೆವಲ್ಲ! ಓಡಿ ಮನೆಗೆ ಬಂದರೆ ಖಾಲಾ ಆಗಲೇ ಅಂಗಳದಲ್ಲಿ ಕೂತು ಅಳುತ್ತಿದ್ದಳು. "ರಜಿಯಾ, ನಾವು ಹೊರಗ ಕುಂತು ಮಂಡಿ ತಿಕ್ಕೋತಿದ್ವಿ, ಒಳಗ ಅವರ ಜೀವಾ ಹೊಂಟಿತ್ತಲ್ಲೇ! ಒಂದ್ ಸಲ ಬಾಗಲಾ ಬಡದು ಕೇಳಬಾರದಾಗಿತ್ತೇನ?"

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಹೊರೆಯವರೇ ಅಡುಗೆ ಒಯ್ಯಬೇಕು. ಹಸೀನಾ ಅಕ್ಕಿ ತೊಳೆದಳು, ಬೂಬು ಬೇಳೆ ಬೇಯಿಸಿದಳು. ಅದೇ ನಾಲ್ಕು ಡಬರಿಗಳು, ಈ ಸಲ ತುಂಬಿಕೊಂಡು, ಅದೇ ಬಿಳಿ ಬಟ್ಟೆ ಮುಚ್ಚಿ ಹೊರಟೆವು. ದಾರಿಯಲ್ಲಿ ಅದೇ ಗಂಡಸರು ಅದೇ ರೀತಿ ತಲೆ ಬಗ್ಗಿಸಿದರು. ಆಗ ನನಗೆ ಒಂದು ಅನುಮಾನ ಬಂತು. ಇಷ್ಟು ದಿನ ಇವರು ನಮ್ಮನ್ನು ಏನೆಂದುಕೊಂಡಿದ್ದರು? ಆದರೆ ಯೋಚನೆ ಮುಂದುವರಿಸಲು ಹೊತ್ತಿರಲಿಲ್ಲ.

ಚಾಚಾ ಮನೆಯ ಮುಂದೆ ಜನವೋ ಜನ. ಯಲ್ಲಪ್ಪ ಬಸ್ ಸ್ಟ್ಯಾಂಡಿನಲ್ಲಿ ಹೇಳಿದ್ದನ್ನು ಶಿಗ್ಗಾಂವ ಬಸ್ಸಿನ ಕಂಡಕ್ಟರು ಶಿಗ್ಗಾಂವಕ್ಕೆ, ಹಾನಗಲ್ ಬಸ್ಸಿನ ಕಂಡಕ್ಟರು ಹಾನಗಲ್ಲಿಗೆ ಮುಟ್ಟಿಸಿದ್ದರು. (ಟ್ರಂಕ್ ಕಾಲ್ ಬುಕ್ ಮಾಡಿದ್ದರೆ ನಿಜವಾಗಿ ಸಾಯುವ ಹೊತ್ತಿಗೆ ಲೈನ್ ಸಿಗುತ್ತಿತ್ತು.) ಬೆಂಚುಗಳು ಬಂದಿದ್ದವು. ಖಬರಸ್ತಾನಕ್ಕೆ ಹೇಳಿ ಕಳಿಸಿದ್ದರು. ಓಣಿಯ ಅರ್ಧ ಮನೆಗಳಿಂದ ಅಡುಗೆ ಬಂದು ಸಾಲಾಗಿ ಕೂತಿತ್ತು. ದಾಲ್ಚಾ, ಖಿಚಡಿ, ಖೀಮಾ. ಚಾಚಾ ಅವರ ಪಕ್ಕದ ಮನೆಯ ಶಮೀಮ್ ಭಾಭಿಯಂತೂ ದೊಡ್ಡ ಪಾತ್ರೆಯ ತುಂಬ ಶಾವಿಗೆ ಖೀರು ಮಾಡಿ ತಂದು, "ಹ್ವಾದ ರಂಜಾನದಿಂದ ಕೇಳತಿದ್ರು. ಒಂದ್ ವಾಟಗಾ ಕೊಡಲಿಲ್ಲ ನಾ ಪಾಪಿ" ಅಂತ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಳು.

ಬಾಗಿಲು ಮಾತ್ರ ಮುಚ್ಚಿತ್ತು. ಒಳಗೆ ಮಯ್ಯತ್ತಿಗೆ, ಅಂದರೆ ಹೆಣಕ್ಕೆ, ಸ್ನಾನ ಮಾಡಿಸುತ್ತಿದ್ದಾರೆ ಅಂತ ಎಲ್ಲರೂ ಹೊರಗೇ ನಿಂತಿದ್ದರು. ಯಾರು ಮಾಡಿಸುತ್ತಿದ್ದಾರೆ? ಮೊದಲು ಬಂದವರು ಅಂತ ಆಮೇಲೆ ಬಂದವರು ತಿಳಿದಿದ್ದರು. ಮೊದಲು ಬಂದವರು ತಮಗಿಂತ ಮೊದಲು ಬಂದವರು ಅಂತ ತಿಳಿದಿದ್ದರು.

ಅಷ್ಟರಲ್ಲಿ ಹಾನಗಲ್ಲಿನಿಂದ ಚಾಚಾ ಅವರ ತಂಗಿ ಖತೀಜಾ ಬಂದಿಳಿದರು. ಅಣ್ಣ-ತಂಗಿಗೆ ಅವ್ವನ ತಾಮ್ರದ ಹಂಡೆಯ ವಿಷಯದಲ್ಲಿ ಜಗಳವಾಗಿ ವರ್ಷಗಳಿಂದ ಮಾತಿಲ್ಲ. ಈಗ ಯಾರ ಮಾತನ್ನೂ ಕೇಳದೆ ಜನರನ್ನು ಸರಿಸಿ, ಎರಡೂ ಕೈಯಿಂದ ಬಾಗಿಲು ಬಡಿದರು. "ಭಾಯೀ! ಹಂಡೇ ನೀನ ಇಟಗೋಳೋ! ಒಂದ್ ಸಲ ಮುಖಾ ತೋರಸೋ!"

ಒಳಗಿನಿಂದ ಚಿಲಕ ತೆಗೆದ ಸದ್ದಾಯಿತು. ಬಾಗಿಲು ತೆರೆಯಿತು. ತಲೆಗೆ ಮಫ್ಲರ್ ಸುತ್ತಿಕೊಂಡು ಚಾಚಾ ನಿಂತಿದ್ದರು.

"ಏನ್ ಗದ್ಲಾ ಹಚ್ಚೀರಿ? ಜ್ವರದ ಗುಳಿಗಿ ತಗೊಂಡು ಮಲಗೇನಿ, ನಿದ್ದಿ ಮಾಡಾಕ ಬಿಡೂದಿಲ್ಲಲ್ಲ" ಅಂದರು. ಆಮೇಲೆ ಮೂಗೆತ್ತಿ ಗಾಳಿಯ ವಾಸನೆ ಹಿಡಿದು, "ದಾಲ್ಚಾ ಯಾರ ಮನೀದು?" ಅಂದರು.

ಒಂದಿಬ್ಬರು ಓಡಿದರು. ಬೂಬು ಡಬರಿ ಕೈಬಿಟ್ಟಳು. ಖತೀಜಾಗೆ ಮಾತ್ರ ಸಿಟ್ಟು ಬಂದಿತು. "ನೀ ಸತ್ತೀ ಅಂತ ಬಂದೇನಿ! ಇಲ್ಲಾಂದ್ರ ಈ ಹೊಸ್ತಲಾ ತುಳೀತಿದ್ದಿಲ್ಲ ನಾ!"

"ಬಂದೀಯಲ್ಲ, ಕುಂದರು" ಅಂದರು ಚಾಚಾ. "ಹಂಡೇ ಒಯ್ಯಿ. ಎಲ್ಲಾರೂ ಕೇಳ್ಯಾರ, ನನಗ ಇಟಗೋ ಅಂದಿ. ಆದ್ರೂ ನೀ ಒಯ್ಯಿ." ಆಕೆ ಹೊಸ್ತಿಲ ಮೇಲೆ ಕೂತು ಈ ಸಲ ನಿಜವಾಗಿಯೂ ಅತ್ತರು. ನಮಗೂ ಕಣ್ಣು ಒದ್ದೆಯಾಯಿತು.

ಅಳು ಮುಗಿದ ಮೇಲೆ ವಿಚಾರಣೆ. ಸುದ್ದಿ ಹಬ್ಬಿಸಿದವರು ಯಾರು? ಹಾನಗಲ್ ಬಸ್ಸಿನ ಕಂಡಕ್ಟರು ಯಲ್ಲಪ್ಪನ ಹೆಸರು ಹೇಳಿದ್ದರು ಅಂದರು ಖತೀಜಾ. ಯಲ್ಲಪ್ಪ ನಮ್ಮ ಕಡೆ ಬೆರಳು ಮಾಡಿದ. "ನನ್ನ ತಪ್ಪೇನೈತ್ರಿ? ಈ ಅವ್ವಾರು ಹೊತ್ತು ಹೊಂಡೂಕಿಂತ ಮೊದಲ ಮುಚ್ಚಿದ ಡಬರಿ ಹಿಡಕೊಂಡು ಬಂದು ಕಟ್ಟೀಮ್ಯಾಲ ಕುಂತಿದ್ರು. ಒಬ್ಬಾಕಿ ಯಾ ಅಲ್ಲಾ ಅಂತ ನಳ್ಳಾಕತ್ತಿದ್ಲು, ಇನ್ನೊಬ್ಬಾಕಿ ಕಣ್ಣ ಒರಸ್ಕೊಳ್ಳಾಕತ್ತಿದ್ಲು. ನಾ ಏನಂತ ತಿಳಕೋಬೇಕ್ರಿ?"

"ಕಣ್ಣಲ್ಲೋ, ಬೆವರು!" ಅಂದಳು ಬೂಬು.

"ಡಬರ್ಯಾಗ ಏನಿತ್ತು?" ಅಂತ ಹಿರಿಯರೊಬ್ಬರು ಕೇಳಿದರು.

"ಏನೂ ಇದ್ದಿಲ್ರಿ" ಅಂದಳು ಖಾಲಾ ಸಣ್ಣ ದನಿಯಲ್ಲಿ. "ವಾಕಿಂಗ್ ಮಾಡಾಕತ್ತಿದ್ವಿ."

"ವಾಕಿಂಗಿಗೆ ಡಬರಿ ಯಾಕವಾ?"

"ಡಬರಿ ಇಲ್ಲದ ಹೋದ್ರ ನೀವು ಬಿಡ್ತಿದ್ರೇನು?" ಅಂದಳು ಹಸೀನಾ. ಹಿರಿಯರು ದಾಡಿ ಕೆರೆದುಕೊಂಡರು.

ಇನ್ನು ಅಡುಗೆ. ಸಾವಿನ ಮನೆಗೆ ತಂದದ್ದನ್ನು ತಿರುಗಿ ಒಯ್ಯಬಾರದು, ಅಪಶಕುನ. ಸಾವೇ ಆಗದಿದ್ದರೆ? ಅದಕ್ಕೆ ಶಾಸ್ತ್ರ ಗೊತ್ತಿದ್ದವರು ಯಾರೂ ಇರಲಿಲ್ಲ. ಚಾಚಾ ತಾವೇ ತೀರ್ಪು ಕೊಟ್ಟರು. "ನನ್ನ ಹೆಸರಲೇ ಬಂದ ಊಟ. ನನ್ನ ಕಣ್ಣಮುಂದ ಖಾಲಿ ಆಗಬೇಕು. ಕುಂದರ್ರಿ ಎಲ್ಲಾರೂ!"

ನಿಜವಾದ ಕಷ್ಟ ಶುರುವಾದದ್ದು ಈಗ. ಮರುದಿನ ಶುಕ್ರವಾರ ಖಾಲಾಳ ಪರೀಕ್ಷೆ. ಇಟ್ಟಂಗಿ ಬಂದರೆ ಸೂಜಿ. ಮತ್ತು ಶಮೀಮ್ ಭಾಭಿ ಖೀರಿನ ಬಟ್ಟಲು ಹಿಡಿದುಕೊಂಡು ನೇರ ಖಾಲಾಳ ಮುಂದೆ ಬಂದು ನಿಂತಿದ್ದಾಳೆ. ಗೋಡಂಬಿ, ಒಣದ್ರಾಕ್ಷಿ, ಮೇಲೆ ತೇಲುವ ತುಪ್ಪ. ಬೇಡ ಅಂದರೆ ಅವಳಿಗೆ ಅವಮಾನ. ಖಾಲಾಳ ಮೂಗಿನ ಹೊಳ್ಳೆ ಅರಳಿದ್ದು ನನಗೆ ಕಂಡಿತು.

"ಖಾಲಾನ ಪಾಲು ನನಗ ಹಾಕ್ರಿ ಭಾಭಿ" ಅಂತ ಹಸೀನಾ ಬಟ್ಟಲು ಕಸಿದುಕೊಂಡು ಗಟಗಟ ಕುಡಿದಳು.

ಭಾಭಿ ಇನ್ನೊಂದು ಬಟ್ಟಲು ತಂದಳು. ಅದು ಬೂಬು ಪಾಲಾಯಿತು. "ಬೀಬಿಜಾನ್ ಸಲುವಾಗಿ" ಅಂದಳು, ತುಟಿ ನೆಕ್ಕಿಕೊಂಡು. ಮೂರನೆಯದು ನಾನು. ಓದುಗರೇ, ನಾವು ತಿಂದದ್ದು ತ್ಯಾಗದಿಂದ. ಭಾಭಿ ಹಠಮಾರಿ, ಮತ್ತೆ ತಂದಳು. ನಾವೂ ಹಠ ಬಿಡಲಿಲ್ಲ, ಮತ್ತೆ ತ್ಯಾಗ ಮಾಡಿದೆವು. ಖಾಲಾ ನಮ್ಮ ಮೂವರ ಬಾಯನ್ನು ಒಂದಾದ ಮೇಲೆ ಒಂದು ನೋಡುತ್ತಿದ್ದಳು. ಆ ನೋಟ ನನಗೆ ಸಾಯುವ ತನಕ ನೆನಪಿರುತ್ತದೆ.

ಕೊನೆಗೆ ಚಾಚಾ ತಮ್ಮ ಬಟ್ಟಲಿನಿಂದಲೇ ಒಂದು ಚಮಚ ಎತ್ತಿ ಹಿಡಿದರು. "ಬೀಬಿಜಾನ್, ಒಂದ ಚಮಚಾ. ನಾ ಖರೇನ ಸತ್ತಿದ್ರ ನನ್ನ ಹೆಸರಲೇ ತಿಂತಿದ್ದಿಲ್ಲೇನು?"

ಖಾಲಾ ಚಮಚ ಕೈಗೆ ತಗೊಂಡಳು. ಬಾಯಿ ತನಕ ಹೋಯಿತು. ತುಪ್ಪದ ವಾಸನೆ ನೋಡಿದಳು. ಕಣ್ಣು ಮುಚ್ಚಿದಳು. ಆಮೇಲೆ ಚಮಚವನ್ನು ತಿರುಗಿಸಿ ಚಾಚಾ ಬಾಯಿಗೇ ಇಟ್ಟಳು.

"ಈಗ ಬ್ಯಾಡ್ರಿ. ನೀವು ಖರೇನ ಹ್ವಾದ ಮ್ಯಾಲ ನಿಮ್ಮ ಫಾತಿಹಾಕ್ಕ ಬಂದು ತಿಂತೇನಿ. ಅಲ್ಲೀತನಕ ನಾ ಇರಬೇಕಲ್ಲ?"

ಚಾಚಾ ನಕ್ಕು ನಕ್ಕು ಕೆಮ್ಮಿದರು. ಅದೇ ಸುದ್ದಿ ಕೇಳಿ ಹಿರೇಕೆರೂರಿನಿಂದ ಬಿದ್ದೆದ್ದು ಓಡಿ ಬಂದ ಮಗ ಮತ್ತು ಸೊಸೆ ಒಳಗೆ ಕಾಲಿಟ್ಟದ್ದು ಆಗಲೇ. ಮಾವ ನಗುತ್ತಾ ಖೀರು ತಿನ್ನುವುದನ್ನು ನೋಡಿ ಸೊಸೆ ಅಲ್ಲೇ ಬಿದ್ದಳು. ಅವಳಿಗೆ ನೀರು ಹೊಡೆದು ಎಬ್ಬಿಸಿ ಊಟಕ್ಕೆ ಕೂರಿಸಿದೆವು.

ಶುಕ್ರವಾರ ಡಾಕ್ಟರು ನಳಿಗೆಯನ್ನು ದೀಪದ ಮೇಲೆ ಹಿಡಿದಾಗ ನಾವು ನಾಲ್ವರೂ ಮೇಜಿನ ಸುತ್ತ ನಿಂತಿದ್ದೆವು. ಖಾಲಾ ನನ್ನ ಕೈ ಹಿಡಿದಿದ್ದಳು. ನನ್ನ ಇನ್ನೊಂದು ಕೈ ಹಸೀನಾ ಹಿಡಿದಿದ್ದಳು. ನೀಲಿ ಕುದಿಯಿತು. ನೀಲಿಯಾಗೇ ಇತ್ತು. ಆಮೇಲೆ ನಿಧಾನವಾಗಿ ಬಣ್ಣ ತಿರುಗಲು ಶುರುವಾಯಿತು. ಬೂಬು ಕಣ್ಣು ಮುಚ್ಚಿಕೊಂಡಳು.

ಹಸಿರು. ವೀಳ್ಯದೆಲೆಯ ಹಸಿರು. ಅಲ್ಲಿಗೇ ನಿಂತಿತು.

"ಪರವಾಗಿಲ್ವೇ! ಸದ್ಯಕ್ಕೆ ಇಂಜೆಕ್ಷನ್ ಬೇಡ. ಹೀಗೇ ಮುಂದುವರಿಸಿ" ಅಂದರು ಡಾಕ್ಟರು. ಖಾಲಾ ಅವರ ಕೈಯನ್ನು ಕಣ್ಣಿಗೊತ್ತಿಕೊಂಡಳು. ನಾನು ಗೋಡೆ ಕಡೆ ತಿರುಗಿ ಅತ್ತೆ. ಅವ್ವನ ನೆನಪಾಯಿತು. ಅವಳಿಗೂ ಒಂದು ಖಾಲಿ ಡಬರಿ ಕೊಟ್ಟು ಯಾರಾದರೂ ಬೆಳಿಗ್ಗೆ ಎಬ್ಬಿಸಿದ್ದರೆ?

ಖುಷಿಯಲ್ಲಿ ಡಾಕ್ಟರು ನಮ್ಮನ್ನೂ ತೂಕದ ಮಷೀನಿನ ಮೇಲೆ ನಿಲ್ಲಿಸಿದರು. ಹಸೀನಾಳ ತೂಕ ಏರಿತ್ತು. ಬೂಬುವಿನದೂ ಏರಿತ್ತು. ನನ್ನದನ್ನು ನಾನು ಇಲ್ಲಿ ಬರೆಯುವುದಿಲ್ಲ. "ಇದೇನ್ರೀ, ಅವರ ಸಕ್ಕರೆಯೆಲ್ಲ ನಿಮಗೆ ಟ್ರಾನ್ಸ್‌ಫರ್ ಆಗಿದೆ" ಅಂದರು ಡಾಕ್ಟರು. ನಾವು ತಲೆ ತಗ್ಗಿಸಿದೆವು. ತ್ಯಾಗ ಅಂದರೆ ಏನು ಅಂತ ವಿಜ್ಞಾನಕ್ಕೆ ಹೇಗೆ ತಿಳಿಯಬೇಕು?

ಶನಿವಾರದಿಂದ ಡಬರಿ ಬಿಟ್ಟಿದ್ದೇವೆ. ಕೈ ಬೀಸಿಕೊಂಡು ಹೋಗುತ್ತೇವೆ. ಚಾಚಾ ಈಗ ನಾವು ಬರುವ ಹೊತ್ತಿಗೆ ಬಾಗಿಲು ತೆರೆದು, ಕಟ್ಟೆ ಗುಡಿಸಿ, ಒಂದು ಕೊಡ ನೀರಿಟ್ಟು, ಎಲ್ಲರಿಗೂ ಕಾಣುವಂತೆ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಯಾರಾದರೂ ಹೋದರೆ "ಜೀವಂತ ಅದೇನಪಾ!" ಅಂತ ತಾವೇ ಕೂಗಿ ಹೇಳುತ್ತಾರೆ. ಖತೀಜಾ ಇನ್ನೂ ಹಾನಗಲ್ಲಿಗೆ ಹೋಗಿಲ್ಲ. ಹಂಡೆಯನ್ನು ದಿನಾ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾರೆ, ಒಯ್ಯುವ ಮಾತಿಲ್ಲ. ನಿನ್ನೆಯಿಂದ ವಾಕಿಂಗಿಗೂ ಬರುತ್ತಿದ್ದಾರೆ.

ಡಬರಿ ಇಲ್ಲದ್ದರಿಂದ ಮರ್ಯಾದೆ ಕಡಿಮೆಯಾಗಿದೆ. ಬೀಡಿ ಯಾರೂ ಆರಿಸುವುದಿಲ್ಲ. ಪ್ರಶ್ನೆ ಮತ್ತೆ ಶುರುವಾಗಿದೆ. ಇವತ್ತು ಬೆಳಿಗ್ಗೆ ಸೈಕಲ್ಲಿನ ಮೇಲೆ ಹೋಗುತ್ತಿದ್ದ ಗಂಡಸೊಬ್ಬ, ಪರವೂರಿನವನಿರಬೇಕು, ನಮ್ಮ ಕರಿ ಬುರ್ಖಾಗಳ ಸಾಲು ನೋಡಿ, ಇಳಿದು, ಮುಖ ಸಣ್ಣದು ಮಾಡಿಕೊಂಡು ಕೇಳಿದ, "ಯಾರು ತೀರಿಕೊಂಡ್ರವಾ?"

ಖಾಲಾ ನಿಲ್ಲಲಿಲ್ಲ. ಕೈ ಬೀಸುವುದನ್ನೂ ನಿಲ್ಲಿಸಲಿಲ್ಲ.

"ಇನ್ನೂ ಯಾರೂ ಇಲ್ಲ ತಮ್ಮಾ. ನಿನ್ನ ಮನಿ ಯಾವ ಓಣ್ಯಾಗ ಐತಿ?"